ಖಾಲಿ ಮೊಳೆಗೆ ತೂಗಿದ ಅಜ್ಜ

ನಮ್ಮ ಅಪ್ಪನಂಥ ವ್ಯಾಪಾರಿ ಕುಮಟೆಯಲ್ಲಿ ಇನ್ನೊಬ್ಬ ಹುಟ್ಟಿರಲಿಕ್ಕಿಲ್ಲ. ಹುಟ್ಟಿದ್ದರೂ ಅಂಗಡಿ ಹಾಕುವ ಧೈರ್ಯ ಮಾಡಿರಲಿಕ್ಕಿಲ್ಲ. ಗಿರಾಕಿ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದು, ಅರ್ಧ ಡಬ್ಬಿ ಪೌಡರ್ ಬಳಿದುಕೊಂಡು, ಪ್ಲಾಸ್ಟಿಕ್ ಗುಲಾಬಿಯ ಪಕ್ಕ ಉಸಿರು ಬಿಗಿಹಿಡಿದು ನಿಂತು ಫೋಟೋ ಹೊಡೆಸಿಕೊಂಡು, ಕೊನೆಗೆ "ಎಷ್ಟು ದೊಡ್ಡದು ಮಾಡಿಸ್ವಾ?" ಎಂದು ತಾನಾಗಿ ಬಾಯಿಬಿಟ್ಟು ಕೇಳಿದರೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು.

"ಪೋಸ್ಟ್‌ಕಾರ್ಡ್ ಸೈಜು ಸಾಕು ಮಾರಾಯ್ರೆ. ದೊಡ್ಡದು ಎಂತಕೆ? ದಿನಾ ಧೂಳು ಒರೆಸೂದೇ ಕೆಲ್ಸ ಆತದೆ."

ಗಿರಾಕಿ ಖುಷಿಯಿಂದ ಪೋಸ್ಟ್‌ಕಾರ್ಡ್ ಸೈಜಿನ ತನ್ನ ಮುಖವನ್ನು ಮನೆಗೊಯ್ದು ಟ್ರಂಕಿನೊಳಗೆ ಸೀರೆಯ ಮಡಿಕೆಯಲ್ಲಿ ಹೂಳುತ್ತಿದ್ದ. ಹೀಗೆ ಇಡೀ ತಾಲೂಕಿನ ಜನ ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿದ್ದರು. ಅದು ಅವರಿಗೆ ಸರಿಯಾದ ಜಾಗವೇ. ಆದರೆ ನಮ್ಮ ಸ್ಟುಡಿಯೋಕ್ಕೆ ಅದರಿಂದ ಏನೂ ಉದ್ಧಾರವಾಗುತ್ತಿರಲಿಲ್ಲ.

ಆ ವರ್ಷ ನಾನು ಪಿಯುಸಿಯ ಮೊದಲ ವರ್ಷದಲ್ಲಿದ್ದೆ. ಕುಮಟೆಯಲ್ಲಿ ಕಂಪ್ಯೂಟರ್ ಬಲ್ಲವರು ಇಬ್ಬರೇ ಇದ್ದರು. ಒಬ್ಬಳು ನಾನು. ಇನ್ನೊಬ್ಬರನ್ನು ಇನ್ನೂ ಹುಡುಕುತ್ತಿದ್ದೇನೆ. ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಒಂದು ಕಂಪ್ಯೂಟರ್ ಕ್ಲಾಸಿತ್ತು. ಅಲ್ಲಿಯ ಮಾಸ್ತರರು ಮೊದಲ ತಿಂಗಳು ಚಪ್ಪಲಿಯನ್ನು ಎಲ್ಲಿ ಬಿಡಬೇಕು ಎಂಬುದನ್ನು ಕಲಿಸಿದರು. ಎರಡನೆಯ ತಿಂಗಳು ಮೌಸನ್ನು ಮುಟ್ಟುವ ಮೊದಲು ಕೈ ತೊಳೆಯುವುದನ್ನು ಕಲಿಸಿದರು. ಮೂರನೆಯ ತಿಂಗಳು ಕರೆಂಟಿರಲಿಲ್ಲ. ನಾನು ಕಲಿತದ್ದೆಲ್ಲ ಮಣಿಪಾಲದಲ್ಲಿ ಓದುತ್ತಿದ್ದ ಅತ್ತೆಯ ಮಗ ತಂದುಕೊಟ್ಟ ಒಂದು ಸಿಡಿಯಿಂದ. ಅದರ ಮೇಲೆ ನೀಲಿ ಪೆನ್ನಿನಲ್ಲಿ 'ಫೋಟೋ' ಎಂದು ಬರೆದಿತ್ತು. ಅದರೊಳಗಿದ್ದ ಸಾಫ್ಟ್‌ವೇರಿನಿಂದ ಯಾರ ತಲೆಯನ್ನು ಯಾರ ಕುತ್ತಿಗೆಗೆ ಬೇಕಾದರೂ ಅಂಟಿಸಬಹುದಿತ್ತು. ಅತ್ತೆಯ ಮಗ ಅದನ್ನು ಆರು ತಿಂಗಳು ಇಟ್ಟುಕೊಂಡು ತನ್ನ ಮೊಡವೆ ಅಳಿಸಿಕೊಂಡನಂತೆ, ಅಷ್ಟೇ. ಕೆಲವರ ಕೈಗೆ ಎಂಥ ವಸ್ತು ಸಿಕ್ಕರೂ ಅಷ್ಟೇ.

ಕಂಪ್ಯೂಟರ್ ಬಂದದ್ದು ಭಟ್ಕಳದಿಂದ. ನಮ್ಮ ರೋಲುಗಳನ್ನು ತೊಳೆದು ಪ್ರಿಂಟ್ ಹಾಕಿಕೊಡುವ ಕಲರ್ ಲ್ಯಾಬ್ ಇದ್ದದ್ದು ಅಲ್ಲಿ. ಅದರ ಮಾಲಕರು ತಮಗೆ ಹೊಸದು ತರಿಸಿಕೊಂಡು, ಹಳೆಯ ಕಂಪ್ಯೂಟರ್, ಸ್ಕ್ಯಾನರ್ ಮತ್ತು ಸೋಪಿನ ಡಬ್ಬಿಯಷ್ಟು ದೊಡ್ಡ ಡಿಜಿಟಲ್ ಕ್ಯಾಮೆರಾವನ್ನು ವ್ಯಾನಿನಲ್ಲಿ ಹಾಕಿ ಕಳಿಸಿದರು. "ಚೌತಿ ತನಕ ಇಟ್ಟು ನೋಡಿ. ಬೇಡಾದ್ರೆ ನಮ್ದೇ ವ್ಯಾನು ಬತ್ತದೆ, ವಾಪಸ್ ಒಯ್ತೇವೆ. ಮನಸ್ಸಿಗೆ ಬೇಜಾರು ಮಾಡ್ಕೊಳ್ಳೂದು ಬೇಡ" ಎಂದು ಫೋನಿನಲ್ಲಿ ಹೇಳಿದರು. ನಮ್ಮ ಅಪ್ಪನಿಗೆ ಬೇಡ ಎನ್ನಲು ಇಷ್ಟು ಸುಲಭದ ದಾರಿ ತೋರಿಸಬಾರದಿತ್ತು.

"ನೋಡು ಮಗಾ" ಎಂದ ಅಪ್ಪ, "ಚೌತಿಯೊಳಗೆ ಇದ್ರಿಂದ ನಾಕು ದೊಡ್ಡ ಫೋಟೋ ಹೋದ್ರೆ ಇರ್ಲಿ. ಇಲ್ಲಾಂದ್ರೆ ಭಟ್ಕಳಕ್ಕೇ ಹೋಗ್ಲಿ. ನಂಗೆ ಇದ್ರ ಮುಖ ನೋಡಿದ್ರೆ ತಲೆ ತಿರುಗ್ತದೆ."

ಕಂಪ್ಯೂಟರ್ ಹೋದರೆ ನನ್ನ ಗತಿ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮತ್ತೆ ಆ ಮೂಲೆಯ ಸ್ಟೂಲು, ಮತ್ತೆ ಕತ್ತರಿ, ಮತ್ತೆ ಪಾಸ್‌ಪೋರ್ಟ್ ಫೋಟೋಗಳ ಅಂಚು. ಅದುವರೆಗೆ ನಾನು ಕತ್ತರಿಸಿದ ಪಾಸ್‌ಪೋರ್ಟ್ ಫೋಟೋಗಳನ್ನು ಸಾಲಾಗಿ ಹಾಸಿದ್ದರೆ ಜನರ ಮುಖದ ಮೇಲೇ ಕಾಲಿಡುತ್ತ ಗೇರುಸೊಪ್ಪದವರೆಗೆ ಹೋಗಿ ಬರಬಹುದಿತ್ತು. ಚೌತಿಗೆ ಎರಡೂವರೆ ತಿಂಗಳಿತ್ತು.

ನಾನು ಒಂದು ಉಪಾಯ ಮಾಡಿದೆ. ಜನ ದೊಡ್ಡ ಫೋಟೋ ಯಾಕೆ ಮಾಡಿಸುವುದಿಲ್ಲ? ಅವರ ತಲೆಯಲ್ಲಿ ಕಲ್ಪನೆಯೆಂಬುದು ಸಾಸಿವೆಯಷ್ಟೂ ಇಲ್ಲ. ಇಂಚಿನ ಲೆಕ್ಕದಲ್ಲಿ 'ಹದಿನಾರು ಇಪ್ಪತ್ತು' ಎಂದರೆ ಅವರಿಗೆ ಅದು ಬಸ್ಸಿನ ನಂಬರಿನ ಹಾಗೆ ಕೇಳಿಸುತ್ತದೆ. ಹಾಗಾದರೆ ತೋರಿಸಿಯೇ ಬಿಡೋಣ. ಗಿರಾಕಿಯ ಮನೆಗೇ ಹೋಗಿ ಗೋಡೆಯ ಫೋಟೋ ತೆಗೆಯುವುದು. ಅಳತೆ ಸಿಗಲೆಂದು ಗೋಡೆಗೆ ನನ್ನ ಶಾಲೆಯ ಅಡಿಪಟ್ಟಿಯನ್ನು ಅಂಟಿಸಿ ತೆಗೆಯುವುದು. ಆಮೇಲೆ ಸಾಫ್ಟ್‌ವೇರಿನಲ್ಲಿ ಆ ಗೋಡೆಯ ಮೇಲೆ ಅವನದೇ ಮುಖವನ್ನು ಮೂರು ಸೈಜಿನಲ್ಲಿ ತೂಗಿ ತೋರಿಸುವುದು. ಪೋಸ್ಟ್‌ಕಾರ್ಡ್ ಸೈಜನ್ನು ನಾನು ಅಡಿಪಟ್ಟಿಯ ಲೆಕ್ಕಕ್ಕಿಂತ ತುಸು ಚಿಕ್ಕದಾಗಿಯೇ ತೋರಿಸುತ್ತಿದ್ದೆ. ತುಸು ಎಂದರೆ ಗೋಡೆಯ ಮೇಲೆ ನೊಣ ಕೂತಿದೆಯೋ ಗಿರಾಕಿ ಕೂತಿದ್ದಾನೋ ಗೊತ್ತಾಗದಷ್ಟು.

ಮೊದಲು ಬಲಿಯಾದವರು ಮಿರ್ಜಾನದ ಒಬ್ಬ ಮಾಸ್ತರರು ಮತ್ತು ಅವರ ಹೆಂಡತಿ. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಜೋಡಿ ಫೋಟೋ ಹೊಡೆಸಿಕೊಂಡಿದ್ದರು. ನಾನು ಸೈಕಲ್ ತುಳಿದು ಹೋಗಿ ಅವರ ಗೋಡೆಯನ್ನು ತೆಗೆದುಕೊಂಡು ಬಂದೆ. ಗೊಬ್ಬರದ ಕಂಪನಿಯ ಕ್ಯಾಲೆಂಡರನ್ನು ಅಳಿಸಿ, ಆ ಜಾಗದಲ್ಲಿ ಇಬ್ಬರನ್ನೂ ಎರಡಡಿ ಅಗಲಕ್ಕೆ ತೂಗಿದೆ. ಅವರು ಬಂದು ನೋಡಿದರು. ಮಾಸ್ತರರು ತಮ್ಮ ಮುಖವನ್ನೇ ನೋಡುತ್ತಿದ್ದರು. ಅವರ ಹೆಂಡತಿ ಮುಖ ನೋಡಲೇ ಇಲ್ಲ.

"ಇದು ನಮ್ಮನೆ ಗೋಡೆಯಾ? ಇಷ್ಟು ಹೊಲಸಾ?" ಎಂದಳು. "ಆ ಮೂಲೇಲಿ ಎಂತದದು? ಜೇಡರ ಬಲೆಯಾ?"

ನಾನು ಜಾಣತನ ತೋರಿಸಲು ಹೋಗಿ ಅವಳ ಕಣ್ಣೆದುರೇ ಬಲೆ ಅಳಿಸಿದೆ, ಬಿರುಕು ಮುಚ್ಚಿದೆ, ಇಡೀ ಗೋಡೆಗೆ ತಿಳಿಹಸಿರು ಬಳಿದೆ. ಎರಡು ನಿಮಿಷದ ಕೆಲಸ. ಅವಳ ಕಣ್ಣು ಲಾಟೀನಿನ ಹಾಗೆ ಹೊತ್ತಿಕೊಂಡಿತು. ಇಬ್ಬರೂ ಎದ್ದು ಹೋದರು. ಮುಂದಿನ ವಾರ ಆ ಮನೆಗೆ ಒಳಗೂ ಹೊರಗೂ ತಿಳಿಹಸಿರು ಬಣ್ಣ ಹೊಡೆಸಿದ್ದರು. ಫೋಟೋ? ಪೋಸ್ಟ್‌ಕಾರ್ಡ್ ಸೈಜು, ಒಂದು. "ಹೊಸ ಬಣ್ಣದ ಗೋಡೆಗೆ ಮೊಳೆ ಹೊಡೀಬಾರ್ದಂತೆ" ಎಂದ ಅಪ್ಪ, ನಗುವುದೋ ಬಿಡುವುದೋ ತಿಳಿಯದೆ. ನಾನು ಇಡೀ ಜಿಲ್ಲೆಯ ಪೇಂಟರುಗಳಿಗೆ ಪುಕ್ಕಟೆ ಜಾಹೀರಾತು ಮಾಡಿಕೊಟ್ಟಿದ್ದೆ.

ಚೌತಿಗೆ ಆರು ವಾರ ಉಳಿದಾಗ ಹೊನ್ನಾವರದ ಒಬ್ಬ ಅಜ್ಜ ಬಂದ.

ಬಂದರಿನ ಬದಿಯಲ್ಲಿ ಒಂದು ಕಾಲಕ್ಕೆ ನಾಲ್ಕು ಬೋಟು ಇಟ್ಟಿದ್ದ ಮನುಷ್ಯ. ಈಗ ಬೋಟು ಮಕ್ಕಳದು, ಬೈಗುಳ ಮಾತ್ರ ಅಜ್ಜನದು. ಎಪ್ಪತ್ತೈದು ತುಂಬಿತೆಂದು ಇಬ್ಬರು ಗಂಡುಮಕ್ಕಳು ಫೋಟೋ ಹೊಡೆಸಲು ಕರೆತಂದಿದ್ದರು. ಇಬ್ಬರದೂ ಒಂದೇ ಮುಖ, ಒಂದೇ ಮೀಸೆ, ಒಂದೇ ಬುದ್ಧಿ. ಆ ಬುದ್ಧಿಯನ್ನು ಪಾಳಿಯ ಮೇಲೆ ಉಪಯೋಗಿಸುತ್ತಿದ್ದರೆಂದು ಕಾಣುತ್ತದೆ. ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ತೆರೆದು ನಿಂತಿರುತ್ತಿದ್ದ. ಅಜ್ಜ ಕೋಟು ಹಾಕಿ, ವಾಚು ಕಾಣುವ ಹಾಗೆ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು ಕುಳಿತ. ಫೋಟೋ ಚೆನ್ನಾಗಿ ಬಂತು. ಬೇಡದ ಸತ್ಯ ಹೇಳುವುದಾದರೆ ನಮ್ಮ ಅಪ್ಪ ಮಾರಲು ಬಾರದ ಮನುಷ್ಯನೇ ಹೊರತು ತೆಗೆಯಲು ಬಾರದವನಲ್ಲ.

ಆ ಭಾನುವಾರ ನಾನು ಬಸ್ಸು ಹತ್ತಿ ಹೊನ್ನಾವರಕ್ಕೆ ಹೋದೆ. ಜಗಲಿಯ ದೊಡ್ಡ ಗೋಡೆಯ ಮೇಲೆ ಮೂರು ಫೋಟೋ ಸಾಲಾಗಿದ್ದವು: ಅಜ್ಜನ ಅಪ್ಪ, ಅಮ್ಮ, ಮತ್ತು ಎಂಟು ವರ್ಷದ ಹಿಂದೆ ತೀರಿಕೊಂಡ ಅಣ್ಣ. ಮೂವರಿಗೂ ಗಂಧದ ಚಕ್ಕೆಯ ಮಾಲೆ, ಮೂವರ ಮೇಲೂ ಒಂದೊಂದು ಕೆಂಪು ಬಲ್ಬು. ಅಣ್ಣನ ಪಕ್ಕದಲ್ಲಿ ಒಂದು ಮೊಳೆ ಖಾಲಿ ಇತ್ತು. ಖಾಲಿ ಮೊಳೆ! ಬೇರೆ ಸ್ಟುಡಿಯೋದವರಾದರೆ ಗೋಡೆಗೆ ಕೈ ಮುಗಿದು ಬರುತ್ತಿದ್ದರು. ನಾನು ಅಡಿಪಟ್ಟಿ ಅಂಟಿಸಿ ಆರು ಕ್ಲಿಕ್ ಮಾಡಿದೆ. ಸೊಸೆಯೊಬ್ಬಳು ಬಾಗಿಲಲ್ಲಿ ನಿಂತು, "ಆ ಬದಿ ಎಂತಕೆ ತೆಗಿತೆ ತಂಗಿ? ಈ ಬದಿ ಟಿವಿ ಮೇಲಿನ ಗೋಡೆ ಚೊಲೋ ಅದೆ" ಎಂದಳು. ಟಿವಿಯ ಮೇಲೆ ತೂಗಿದರೆ ಯಾರು ನೋಡುತ್ತಾರೆ? ಎಲ್ಲರೂ ಟಿವಿ ನೋಡುತ್ತಾರೆ. ವ್ಯಾಪಾರದ ಗಂಧವಿಲ್ಲದ ಹೆಂಗಸು ಎಂದು ನಾನು ಮನಸ್ಸಿನಲ್ಲೇ ಕನಿಕರಪಟ್ಟೆ.

ಆ ಸಾಲು ಸತ್ತವರದು, ಬದುಕಿದವರನ್ನು ಅಲ್ಲಿ ತೂಗುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಸ್ಟುಡಿಯೋದವರ ಮನೆಯ ಗೋಡೆಗೆ ಅಂಥ ಮರ್ಯಾದೆ ಇರುವುದಿಲ್ಲ. ನಮ್ಮ ಮನೆಯಲ್ಲಿ ಸತ್ತವರು, ಇದ್ದವರು, ಫೋಟೋ ಒಯ್ಯಲು ಬಾರದೆ ಮರೆತವರು, ಯಾರದೋ ನಾಮಕರಣದ ಬತ್ತಲೆ ಶಿಶು, ಎಲ್ಲರೂ ಒಂದೇ ಗೋಡೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿಕೊಂಡಿದ್ದರು. ನಮ್ಮ ಸ್ವಂತ ಅಜ್ಜನ ಪಕ್ಕದಲ್ಲಿ ಸಂತೆಗುಳಿಯ ಒಬ್ಬ ಮದುಮಗ ಹದಿನಾಲ್ಕು ವರ್ಷದಿಂದ ನಗುತ್ತಿದ್ದಾನೆ.

ಆ ಮೊಳೆಗೆ ನಾನು ಅಜ್ಜನನ್ನು ತೂಗಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತೇನೋ. ಆದರೆ ಸಾಲಿನಲ್ಲಿ ಅವನೊಬ್ಬನೇ ಬೋಳಾಗಿ ಕಂಡ. ಅಣ್ಣನ ಫ್ರೇಮನ್ನೇ ನಕಲು ಮಾಡಿ ಅಜ್ಜನಿಗೆ ತೊಡಿಸಿದೆ. ಫ್ರೇಮಿನ ಸಂಗಡ ಗಂಧದ ಮಾಲೆಯೂ ಬಂತು, ಕೆಂಪು ಬಲ್ಬೂ ಬಂತು. ಬಲ್ಬಿನ ಬೆಳಕು ಅಜ್ಜನ ಹಣೆಯ ಮೇಲೆ ಬೀಳುವ ಹಾಗೆ ಒಂದು ಇಡೀ ಮಧ್ಯಾಹ್ನ ಕೂತು ತಿದ್ದಿದೆ. ಅಂಥ ಕೆಲಸವನ್ನು ಕುಮಟೆ ಅದುವರೆಗೆ ಕಂಡಿರಲಿಲ್ಲ.

ಅವರು ಮನೆಮಂದಿಯೆಲ್ಲ ಮೀನಿನ ಟೆಂಪೊದಲ್ಲಿ ಬಂದಿಳಿದರು. ಅಜ್ಜ, ಅಜ್ಜಿ, ಮಕ್ಕಳಿಬ್ಬರು, ಸೊಸೆಯಂದಿರಿಬ್ಬರು. ನಮ್ಮ ಸ್ಟುಡಿಯೋದಲ್ಲಿ ಮೀನಿನ ಬುಟ್ಟಿಯೊಳಗಿನಷ್ಟು ಜಾಗ ಉಳಿಯಿತು. ನಾನು ಮಾನಿಟರನ್ನು ಅವರ ಕಡೆ ತಿರುಗಿಸಿದೆ. ಚಪ್ಪಾಳೆಗೆ ಕಾದೆ.

ಅಜ್ಜಿಯ ಕೈ ತಾಳಿಗೆ ಹೋಯಿತು.

"ಥೂ! ಥೂ! ಥೂ!" ಎಂದಳು ಅಜ್ಜಿ. "ಯಾರೇ ನೀನು ಹೆಣ್ಣೇ? ನನ್ನ ಕುಂಕುಮ ಒರೆಸೂಕೆ ಹುಟ್ಟಿದ್ಯಾ?"

"ಏ ಹುಡ್ಗೀ! ನಮ್ಮಪ್ಪ ಇಲ್ಲೇ ನಿಂತಾರಲೇ, ಕಣ್ಣು ಕಾಣ್ತದಾ ಇಲ್ವಾ?" ಎಂದ ದೊಡ್ಡ ಮಗ. ಚಿಕ್ಕವ ಬಾಯಿ ತೆರೆದು ನಿಂತಿದ್ದ, ಪಾಳಿ ಅಣ್ಣನದಾಗಿತ್ತು.

"ನಾ ಅಂದೇ ಹೇಳಿದ್ದೆ, ಟಿವಿ ಮೇಲಿನ ಗೋಡೆ ತೆಗಿ ಅಂತ" ಎಂದಳು ಆ ಸೊಸೆ. ಇಂಥವರು ಎಂದೂ ಇದನ್ನು ಹೇಳದೆ ಬಿಡುವುದಿಲ್ಲ.

ಅಪ್ಪನ ಮುಖ ತೊಳೆದ ನೆಗೆಟಿವ್‌ನಂತಾಗಿತ್ತು. "ತಪ್ಪಾತು, ತಪ್ಪಾತು, ಸಣ್ಣ ಕೂಸು, ತಿಳಿಯುದಿಲ್ಲ" ಎನ್ನುತ್ತ ಮೇಜಿನಡಿ ತೂರಿ ಪ್ಲಗ್ಗು ಹುಡುಕತೊಡಗಿದ. ನನ್ನನ್ನು ಸಣ್ಣ ಕೂಸು ಎಂದದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

"ಕೀಳಬೇಡ, ನಿಲ್ಲು" ಎಂದ ಅಜ್ಜ.

ಅವನು ಕನ್ನಡಕ ಏರಿಸಿಕೊಂಡು ಮಾನಿಟರಿಗೆ ಮೂಗು ತಾಗುವಷ್ಟು ಹತ್ತಿರ ಬಂದ. ತನ್ನನ್ನು ನೋಡಿದ. ಅಣ್ಣನನ್ನು ನೋಡಿದ. ಮತ್ತೆ ತನ್ನನ್ನು ನೋಡಿದ.

"ಅಣ್ಣಂದು ಯಾವ ಸೈಜು ತಂಗಿ?"

"ಹದಿನಾರು ಇಪ್ಪತ್ತು."

"ನಂದು?"

"ಅದೇ."

"ಅದೇ ಎಂತಕೆ?" ಅಜ್ಜನ ದನಿ ಏರಿತು. "ಅಂವ ಇಟ್ಟಿದ್ದು ಒಂದು ಬೋಟು. ನಾ ಇಟ್ಟಿದ್ದು ನಾಕು. ನಂದು ದೊಡ್ಡ ಮಾಡು."

ನಾನು ಅಜ್ಜನನ್ನು ಇಪ್ಪತ್ತು ಇಪ್ಪತ್ತನಾಲ್ಕಕ್ಕೆ ಎಳೆದೆ. ಅಣ್ಣ ಪಕ್ಕದಲ್ಲಿ ಕುಗ್ಗಿದ. ಎಪ್ಪತ್ತೈದು ವರ್ಷದ ಮುಖದಲ್ಲಿ ಅಂಥ ನಗು ನಾನು ಕಂಡದ್ದಿಲ್ಲ. ಸತ್ತವನ ಎದುರು ಗೆದ್ದ ನಗು ಅದು.

"ನಿಮ್ಮ ತಲೆ ಕೆಟ್ಟದ್ಯಾ?" ಎಂದಳು ಅಜ್ಜಿ. "ಬದುಕಿರುವಾಗ್ಲೇ ಮಾಲೆ ಹಾಕ್ಕೊಂಡು ಕೂತ್ಕೊಳ್ತ್ರಾ?"

"ನೀ ಸುಮ್ನಿರು. ಇವ್ರ ಕೈಗೆ ಬಿಟ್ರೆ ನಾ ಸತ್ತ ದಿನ ರೇಷನ್ ಕಾರ್ಡಿನ ಫೋಟೋ ಹಿಗ್ಗಿಸಿ ತೂಗ್ತಾರೆ" ಎಂದು ಅಜ್ಜ ಮಕ್ಕಳ ಕಡೆ ಗದ್ದ ತೋರಿಸಿದ. ಮಕ್ಕಳಿಬ್ಬರೂ ನೆಲ ನೋಡಿದರು. ಖಂಡಿತ ಹಾಗೇ ಮಾಡುವವರಿದ್ದರು. "ಮತ್ತೆ ತಂಗಿ, ಈ ಕಟ್ಟಿಗೆ ಚೂರಿನ ಮಾಲೆ ತೆಗಿ. ಭಟ್ಕಳ ಮಲ್ಲಿಗೆದು ಹಾಕು, ದಪ್ಪಕ್ಕೆ. ಫೋಟೋದೊಳಗೇ ಹಾಕ್ಬಿಡು. ಸೊಸೆದಿಕ್ಕಳು ಮೊದಲ ವರ್ಷ ಹೂ ಏರಿಸ್ತ್ರು, ಆಮೇಲೆ ನಂಗೆ ಗೊತ್ತಿಲ್ವಾ?"

"ಬಲ್ಬು?" ಎಂದೆ ನಾನು.

"ಹಸಿರು."

ನಾನು ಮಲ್ಲಿಗೆ ಹಾಕಿದೆ. ಭಟ್ಕಳದ ಲ್ಯಾಬಿನಿಂದ ಪ್ರಿಂಟ್ ಬಂತು, ಫ್ರೇಮೂ ಆಯಿತು. ಆದರೆ ಅಜ್ಜಿ ಹಟ ಹಿಡಿದಳು. ಆ ಫೋಟೋ ಮನೆಯ ಹೊಸಿಲು ದಾಟಿದರೆ ತಾನು ತವರಿಗೆ ಹೋಗುತ್ತೇನೆಂದಳು. ತವರಲ್ಲಿ ಯಾರೂ ಉಳಿದಿರಲಿಲ್ಲ, ಆದರೂ ಹೋಗುತ್ತೇನೆಂದಳು. ಹೀಗಾಗಿ ಅಷ್ಟು ದೊಡ್ಡ ಅಜ್ಜ ನಮ್ಮ ಸ್ಟುಡಿಯೋದಲ್ಲೇ ಉಳಿದ. ಅಪ್ಪ ಅವನನ್ನು ಪರದೆಯ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಚೌತಿಗೆ ಹನ್ನೊಂದು ದಿನವಿತ್ತು, ಮಾರಾಟವಾದ ದೊಡ್ಡ ಫೋಟೋ ಒಂದೇ. ನಾಲ್ಕಾಗದೆ ಕಂಪ್ಯೂಟರ್ ಉಳಿಯುವುದಿಲ್ಲ.

ಒಂದು ದಿನ ಅಪ್ಪ ಮದುವೆಯ ಆರ್ಡರಿಗೆಂದು ಗೇರುಸೊಪ್ಪಕ್ಕೆ ಹೋದ. ನಾನು ಅಜ್ಜನನ್ನು ಎತ್ತಿ ತಂದು ಎದುರಿನ ಗಾಜಿನ ಕಪಾಟಿನಲ್ಲಿ ಕೂರಿಸಿದೆ. ನಮ್ಮ ಸ್ಟುಡಿಯೋ ಇದ್ದದ್ದು ಹೊನ್ನಾವರದ ಬಸ್ಸುಗಳು ನಿಧಾನ ಮಾಡುವ ತಿರುವಿನಲ್ಲಿ. ಇಂಥ ಜಾಗದಲ್ಲಿ ಅಪ್ಪ ಎಂಟು ವರ್ಷದಿಂದ ಒಂದು ಬೆಕ್ಕಿನ ಮರಿಯ ಫೋಟೋ ಇಟ್ಟಿದ್ದ. ಕುಮಟೆಯಲ್ಲಿ ಫೋಟೋ ಹೊಡೆಸಿದ ಬೆಕ್ಕು ಒಂದಾದರೂ ಉಂಟೇ?

ಮೂರನೆಯ ದಿನ ಮಕ್ಕಳಿಬ್ಬರೂ ಬೈಕಿನಲ್ಲಿ ಬಂದರು. ಈ ಸಲ ಇಬ್ಬರೂ ಒಟ್ಟಿಗೇ ಬಾಯಿ ತೆರೆದರು. ಬಸ್ಸಿನಿಂದ ಕಂಡವರೆಲ್ಲ ಅಜ್ಜ ಹೋಗಿಬಿಟ್ಟ ಎಂದುಕೊಂಡು ಮಾತಾಡಿಸಿ ಬರಲು ಮನೆಗೆ ಬಂದರಂತೆ. ಎರಡು ರಿಕ್ಷಾ, ಒಂದು ಟೆಂಪೊ, ಮತ್ತು ಕಾಸರಕೋಡಿನ ಕಡೆಯಿಂದ ನಡೆದೇ ಬಂದ ಒಂದು ಸಾಲು. "ಎಂತಾ ಮಾನಗೇಡು ಮಾಡಿಟ್ರಿ ನಮ್ಗೆ! ಈಗಲೇ ತೆಗೀರಿ" ಎಂದು ಕೂಗಾಡಿದರು. ಗೇರುಸೊಪ್ಪದಿಂದ ಬಂದರೂ ಗಾಜಿನ ಕಪಾಟಿನ ಕಡೆ ಕಣ್ಣೇ ಹಾಯಿಸದಿದ್ದ ಅಪ್ಪ ಆಗ ಹೊರಗೆ ಓಡಿ ನೋಡಿದ. ಅಜ್ಜನನ್ನು ಒಳಗೆ ತಂದ. ಬೆಕ್ಕಿನ ಮರಿ ಮರಳಿ ಪೀಠವೇರಿತು. ಅಪ್ಪ ನೇರ ಭಟ್ಕಳಕ್ಕೆ ಫೋನು ಮಾಡಿದ.

"ನಾಳೆ ವ್ಯಾನು ಕಳ್ಸಿ ಮಾರಾಯ್ರೆ. ಇದು ನಮ್ಗೆ ಆಗುದಲ್ಲ."

ಮರುದಿನ ಬೆಳಿಗ್ಗೆ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕತ್ತದ ಹಗ್ಗದಿಂದ ಬಿಗಿದ. ನಾನು ಮೂಲೆಯ ಸ್ಟೂಲಿನ ಮೇಲೆ ಕತ್ತರಿ ಹಿಡಿದು ಕುಳಿತೆ. ಅಳಲಿಲ್ಲ. ಇಂಥವರ ಎದುರು ಅಳುವುದು ಕಣ್ಣೀರು ದಂಡ.

ಹತ್ತು ಗಂಟೆಯ ಬಸ್ಸಿನಿಂದ ಅಜ್ಜ ಇಳಿದ. ಸಂಗಡ ಇನ್ನಿಬ್ಬರು ಮುದುಕರಿದ್ದರು. ಒಬ್ಬ ಗಿಡ್ಡ, ಕಿವಿಯಲ್ಲಿ ಬೀಡಿ. ಇನ್ನೊಬ್ಬ ಉದ್ದ, ಕಂಕುಳಲ್ಲಿ ಕೊಡೆ.

"ನನ್ನ ಫೋಟೋ ಎಂತಕೆ ತೆಗೆದೆ?" ಎಂದ ಅಜ್ಜ ಅಪ್ಪನಿಗೆ.

"ನಿಮ್ಮ ಹುಡುಗ್ರು ಬಂದು ಬೈದ್ರು ಯಜಮಾನ್ರೆ..."

"ಅವ್ರಿಗೆಂತ ಗೊತ್ತದೆ! ಮೂರು ದಿವ್ಸ ನಾ ಜಗಲೀಲಿ ಕೂತು ಚಾ ಕುಡೀತಾ ಎಲ್ಲಾ ಕಂಡೆ" ಎಂದು ಅಜ್ಜ ಬೆಂಚಿನ ಮೇಲೆ ಕುಳಿತು ಹೇಳತೊಡಗಿದ. ಒಂದಕ್ಕೆ ಮೂರು ಸೇರಿಸಿ ಹೇಳುವುದರಲ್ಲಿ ಅವನು ನನಗಿಂತ ಒಂದು ಕೈ ಮೇಲು. "ನಮ್ಮ ದೊಡ್ಡ ಬಾವನ ಹೆಂಡ್ತಿ ಗೇಟಿನಿಂದ್ಲೇ ಎದೆ ಬಡ್ಕೊಂತ ಬಂತು. ನಾ ಕೇಳ್ದೆ, 'ಯಾರು ಹೋದ್ರೇ?' ಅಂತ. 'ನೀವೇ ಅಲ್ದಾ!' ಅಂದು ಮತ್ತೂ ಜೋರು ಅತ್ತಿತು. ಒಳ್ಳೆ ಹೆಂಗಸು, ಕಂಡ ಮೇಲೂ ನಿಲ್ಸಲಿಲ್ಲ. ಯಾರು ಬಂದ್ರು, ಯಾರು ಬರ್ಲಿಲ್ಲ ಎಲ್ಲಾ ಗೊತ್ತಾತು. ಆ ಐಸ್ ಫ್ಯಾಕ್ಟರಿಯಂವ ಬರ್ಲಿಲ್ಲ ನೋಡು! ಅಂವ ಸತ್ತಾಗ ನಾ ಹೋಗುದಿಲ್ಲ."

"ನಮ್ಮಿಬ್ರನ್ನೂ ಅಳ್ಸಿ ಅಳ್ಸಿ ಸುಸ್ತು ಮಾಡ್ದ ಇಂವ" ಎಂದ ಗಿಡ್ಡ. "ನಾ ಇಪ್ಪತ್ತು ವರ್ಷ ಇವ್ನ ಬೋಟು ಓಡ್ಸಿದ ಸಾರಂಗ. ನಂಗೂ ಹಿಂಗೇ ಮಲ್ಲಿಗೆ ಹಾಕಿ ಒಂದು ಬೇಕು. ಇವಂದಕ್ಕಿಂತ ಸಣ್ಣ ಆಗೂಕಿಲ್ಲ."

"ಬೋಟು ಓಡ್ಸಿದಂವಂಗೆ ಎಷ್ಟು ಬೇಕು, ಅಷ್ಟು ಸಾಕು" ಎಂದ ಅಜ್ಜ. "ಇಟ್ಟಂವ ನಾನು."

"ಇಟ್ಟದ್ದು ನೀ. ಮುಳುಗ್ದೆ ತಂದದ್ದು ನಾ!"

ಉದ್ದನೆಯವ ಇಬ್ಬರ ನಡುವೆ ಕೊಡೆ ಅಡ್ಡ ಹಿಡಿದ. "ಜಗಳ ಬೇಡ. ತಂಗಿ, ನಂದು ಇಬ್ರದಕ್ಕಿಂತ ಎರಡು ಇಂಚು ದೊಡ್ಡ ಮಾಡು. ಮತ್ತೆ ಹೆಂಡ್ತಿದು ಒಂದು, ನಂದಕ್ಕಿಂತ ತುಸು ಸಣ್ಣ, ನನ್ನ ಬದಿಗೆ. ಅವ್ಳಿಗೆ ಈಗಲೇ ಹೇಳೂದು ಬೇಡ."

ನಾನು ಬೆರಳು ಮಡಚಿದೆ. ಒಂದು, ಎರಡು, ಮೂರು, ನಾಲ್ಕು. ಅಪ್ಪನ ಕಡೆ ನೋಡಿದೆ. ಅಪ್ಪನೂ ಬೆರಳು ಮಡಚುತ್ತಿದ್ದ. ಅವನ ಬಾಯಿ ಅಭ್ಯಾಸಬಲದಿಂದ 'ಪೋಸ್ಟ್...' ಎಂದು ತೆರೆದುಕೊಂಡಿತು. ಜನ್ಮದಲ್ಲಿ ಮೊದಲ ಸಲ ತಾನಾಗಿ ಮುಚ್ಚಿಕೊಂಡಿತು. ಅವನು ಮೇಜಿನ ಮೇಲೆ ಬಗ್ಗಿ, ತಾನೇ ಬಿಗಿದ ಗಂಟನ್ನು ಬಿಚ್ಚಲಾಗದೆ ಹಲ್ಲಿನಿಂದ ಕಚ್ಚಿ ಎಳೆಯತೊಡಗಿದ. ನಾನು ಕತ್ತರಿ ಕೊಟ್ಟೆ.

ಅಷ್ಟರಲ್ಲಿ ಭಟ್ಕಳದ ವ್ಯಾನು ಬಂದು ನಿಂತು ಹಾರ್ನ್ ಬಾರಿಸಿತು. ಲ್ಯಾಬಿನ ಮಾಲಕರೇ ಇಳಿದು ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ನಿಂತು, ಬೆಂಚಿನ ಮೇಲೆ ಸಾಲಾಗಿ ಕೂತು ಕೂದಲು ಬಾಚಿಕೊಳ್ಳುತ್ತಿದ್ದ ಮೂವರು ಮುದುಕರನ್ನೂ, ಬೆಡ್‌ಶೀಟಿನೊಳಗಿಂದ ಅರ್ಧ ಹೊರಗೆ ಬಂದಿದ್ದ ಮಾನಿಟರನ್ನೂ ನೋಡಿ, "ಎಂತ ಮಾರಾಯ್ರೆ, ಒಯ್ಯೂದಾ ಬೇಡ್ವಾ?" ಎಂದರು.

"ಬೇಡ ಬೇಡ, ಈಗ ಒಯ್ಯೂಕಾಗುದಿಲ್ಲ" ಎಂದ ಅಪ್ಪ, ಬಾಯಿಂದ ಕತ್ತದ ನಾರು ತೆಗೆಯುತ್ತ. "ಇನ್ನೂ ಇಬ್ರು ಸಾಯೂಕೆ ಬಾಕಿ ಅವ್ರೆ."

ಬೆಂಚಿನ ಮೇಲಿನ ಗಿಡ್ಡನೂ ಉದ್ದನೆಯವನೂ ಹೌದು ಹೌದು ಎಂದು ತಲೆಯಾಡಿಸಿದರು.